ಬಾಡಿಗೆ ಅಳು

ಮೀರಿಮ್‌ಳನ್ನು ಬೆಳೆಸಿದ್ದು ತಾವೇ ಎಂದು ಹೇಳಿಕೊಳ್ಳುವವರು ಬಿಷ್ಕೇಕ್‌ನಲ್ಲಿ ಈಗಲೂ ಸಿಗುತ್ತಾರೆ. ಅವರಲ್ಲಿ ಮೊದಲಿಗ ಅವಳ ಅಕ್ಕನ ಗಂಡ ತಲಾಯ್. ಬಜಾರಿನಲ್ಲಿ ಮೊಬೈಲ್ ಕವರ್ ಮಾರಿಕೊಂಡಿದ್ದ ಮನುಷ್ಯ, ನಾದಿನಿ ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದೇ ತಡ, ಕಪ್ಪು ಕನ್ನಡಕ ಏರಿಸಿ ನಿರ್ಮಾಪಕನಾಗಿಬಿಟ್ಟ. ಸಂಗೀತದ ಬಗ್ಗೆ ಅವನಿಗೆ ಗೊತ್ತಿದ್ದುದು ಒಂದೇ, ಜೋರಾಗಿರಬೇಕು ಎನ್ನುವುದು.

ಹುಡುಗಿ ನರಿನ್ ಕಡೆಯ ಬೆಟ್ಟದವಳು, ಸಂಗೀತ ಕಾಲೇಜಿನಲ್ಲಿ ಕೊಮುಜ್ ಕಲಿತವಳು. ಮೂರು ತಂತಿಯ ಆ ವಾದ್ಯವನ್ನು ಎದೆಗವಚಿಕೊಂಡು ಅಜ್ಜಿಯಿಂದ ಕಲಿತದ್ದನ್ನು ಹಾಡಿದರೆ ನನ್ನಂಥ ಒರಟು ಹೆಂಗಸೂ ಚಹಾದ ಬಟ್ಟಲು ಕೆಳಗಿಟ್ಟು ಕೇಳಬೇಕು. ಆದರೆ ಧಾರಾವಾಹಿಯ ನಿರ್ದೇಶಕ ಉಲಾನ್ ಅವಳನ್ನು ಆರಿಸಿದ್ದು ಹಾಡಿಗಲ್ಲ. ಕಣ್ಣಿಗೆ ಏನೂ ಹಚ್ಚದೆ, ಹೇಳಿದ ಕೂಡಲೇ ಅಳುತ್ತಾಳೆ ಎಂದು.

ಧಾರಾವಾಹಿಯ ಕಥೆಯೇನೂ ಹೊಸದಲ್ಲ, ನಮ್ಮ ಕಡೆ ನಡೆಯುವಂಥದ್ದೇ. ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯನ್ನು ಕಾರಿಗೆ ಎಳೆದುಹಾಕಿಕೊಂಡು ಬರುತ್ತಾರೆ. ಗಂಡಿನ ತಾಯಿ ಅವಳ ತಲೆಗೆ ಬಿಳಿ ವಸ್ತ್ರ ಬಿಗಿಯುತ್ತಾಳೆ. ಅಲ್ಲಿಗೆ ಅವಳು ಸೊಸೆ. ಆ ತಾಯಿ ನಾನು, ಸೊನುನ್. ರಂಗಭೂಮಿಯಲ್ಲಿ ರಾಣಿಯ ಪಾತ್ರಕ್ಕೆ ಕಾದು ಕಾದು ಕೊನೆಗೆ ಅತ್ತೆಯಾದವಳು. ನಾನು ಬಿಗಿಯುವುದು, ಅವಳು ಅಳುವುದು, ಇಷ್ಟರಲ್ಲೇ ಉಲಾನ್ ಇಡೀ ಚಳಿಗಾಲ ಎಳೆದ. ಜನ ಕೆಲಸ ಬಿಟ್ಟು ನೋಡಿದರು. ಬಜಾರಿನಲ್ಲಿ ರೊಟ್ಟಿ ಮಾರುವವಳು, ಮೊದಲು ಸೊಸೆಗೆ ಹೊಟ್ಟೆತುಂಬ ಹಾಕಿ ಆಮೇಲೆ ಬಾ ಎಂದು ನನ್ನನ್ನು ಬರಿಗೈಯಲ್ಲಿ ಕಳಿಸಿದಳು.

ಬಿಸಿಯಿದ್ದಾಗಲೇ ಹಾಡೊಂದು ಬರಬೇಕೆಂದು ತಲಾಯ್ ಹಟ ಹಿಡಿದ. ಕೊಮುಜ್ ಮುದುಕರಿಗೆ ಸರಿ ಎಂದು ತೆಗೆಸಿದ. ಸಾಹಿತ್ಯ ಅವನದೇ. ಅದರಲ್ಲಿ ‘ಅಮ್ಮ’ ಎಂಬುದನ್ನು ಬಿಟ್ಟರೆ ಬೇರೆ ಮಾತು ಹುಡುಕಬೇಕಿತ್ತು. ಹೆತ್ತ ತಾಯಿಗೆ ಅವನೊಮ್ಮೆ ಫೋನು ಮಾಡಿದ್ದನ್ನು ನಾನು ಕಂಡವಳಲ್ಲ.

ಹಾಡಿನ ಹಿಂದೆ ಮದುವೆಗಳಲ್ಲಿ ಹಾಡಲು ಕರೆಗಳು ಬಂದವು. ಮೊದಮೊದಲು ಮೀರಿಮ್ ಹಾಡಿದಳು. ಒಂದು ಕಡೆ ಯಾರೋ ಹಾಡು ಸಾಕು, ಅಳಲಿ ಎಂದರು. ಅಲ್ಲಿಂದ ಅದೇ ರೂಢಿಯಾಯಿತು. ತಲಾಯ್ ನನ್ನನ್ನೂ ಜೊತೆಗೆ ಸೇರಿಸಿಕೊಂಡ. ಊಟದ ನಡುವೆ ನಾನು ವಸ್ತ್ರ ಬಿಗಿಯಬೇಕು, ಅವಳು ಬಿಕ್ಕಬೇಕು, ಮಾಂಸ ತಿನ್ನುತ್ತಿದ್ದವರು ಕೈ ಒರೆಸಿಕೊಂಡು ಫೋನು ಎತ್ತಬೇಕು. ಒಮ್ಮೆ ಅವಳು ಧೈರ್ಯ ಮಾಡಿ, ಮಗಳನ್ನು ಕಳಿಸಿಕೊಡುವಾಗ ಬೆಟ್ಟದ ಕಡೆ ಹೆಂಗಸರು ಹೇಳುವ ಹಾಡನ್ನೇ ತೆಗೆದಳು. ಕಾರ್ಯಕ್ರಮ ನಡೆಸುತ್ತಿದ್ದವನು ಮೈಕಿನಲ್ಲೇ, “ಯಾರಾದ್ರೂ ಹೋಗ್ಬಿಟ್ರೇನಮ್ಮಾ?” ಎಂದ. ಎಲ್ಲರೂ ಬಿದ್ದುಬಿದ್ದು ನಕ್ಕರು.

ವಾಪಸು ಬರುವಾಗ ತಲಾಯ್ ಬುದ್ಧಿ ಹೇಳಿದ: “ಇದು ಹೆಸರು ಕಟ್ಟೋ ವಯಸ್ಸು ಕಣೇ. ಈಗ ಅಳು, ಆಮೇಲೆ ಹಾಡೀವಂತೆ.”



ವಸಂತದಲ್ಲಿ ಕಾರಾ-ಬಾಲ್ಟಾದಿಂದ ಕರೆ ಬಂತು. ಪೆಟ್ರೋಲ್ ಬಂಕುಗಳ ಒಡೆಯನೊಬ್ಬನ ಮಗನ ಮದುವೆ. ಸಭಾಂಗಣದ ಕಂಬಗಳಿಗೆಲ್ಲ ಚಿನ್ನದ ಬಣ್ಣ, ಮೇಜುಗಳ ಮೇಲೆ ಕುದುರೆ ಮಾಂಸದ ರಾಶಿ. ಗಂಡು ಆಗಲೇ ಬೆವರುತ್ತಿದ್ದ. ಮದುಮಗಳು ತಲೆ ತಗ್ಗಿಸಿದ್ದಳು. ಅವಳ ಎರಡೂ ಪಕ್ಕಕ್ಕೆ ಗಂಡಿನ ಚಿಕ್ಕಮ್ಮಂದಿರು ಅಂಟಿಕೊಂಡು ಕೂತಿದ್ದರು. ಅವಳ ಕಡೆಯವರು ಯಾರೂ ಕಾಣಲಿಲ್ಲ. ಯಾರೂ ಕೇಳಲೂ ಇಲ್ಲ.

ನಮ್ಮ ಸರದಿ ಬಂತು. ನಾನು ವಸ್ತ್ರ ಬಿಗಿದೆ, ಮೀರಿಮ್ ಅತ್ತಳು, ಫೋನುಗಳೆದ್ದವು. ಆಮೇಲೆ ಅವಳ ಅಳು ಥಟ್ಟನೆ ನಿಂತಿತು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಮದುಮಗಳು ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿ ಮುಚ್ಚಿಹೋಗುವ ಹಾಗಿದ್ದವು. ಇಷ್ಟು ಜನ ಅಳು ನೋಡಲೆಂದು ಕುತ್ತಿಗೆ ಚಾಚಿದ್ದರಲ್ಲ, ಒಬ್ಬರೂ ಆ ಕಡೆ ತಿರುಗಿರಲಿಲ್ಲ.

ಮೀರಿಮ್ ಮೈಕು ಹಿಡಿದೇ ಅವಳ ಬಳಿ ಹೋಗಿ ಹೆಸರು ಕೇಳಿದಳು. ಎಲ್ನುರಾ ಎಂದಿತು ಹುಡುಗಿ.

“ನೀನಾಗೇ ಬಂದ್ಯಾ ಇಲ್ಲಿಗೆ?”

“ಇಲ್ಲ. ಕಾಲೇಜಿಂದ ಬರ್ತಿದ್ದೆ. ಹಿಡ್ಕೊಂಡ್ ಬಂದ್ರು.”

“ಇರ್ತೀಯಾ, ಹೋಗ್ತೀಯಾ?”

“ನಮ್ಮಮ್ಮನ ಹತ್ರ ಹೋಗ್ಬೇಕು.”

ಒಂದೊಂದು ಮಾತೂ ಸ್ಪೀಕರಿನಲ್ಲಿ ಇಡೀ ಸಭೆಗೆ ಕೇಳಿಸಿತು. ಸಭೆ ಏನು ಮಾಡಿತು ಗೊತ್ತೆ? ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ದಪ್ಪ ಹೆಂಗಸು ಕಣ್ಣೊರೆಸಿಕೊಳ್ಳುತ್ತ, ಈ ಹೊಸ ಹುಡುಗಿ ಮೀರಿಮ್‌ಗಿಂತ ಚೆನ್ನಾಗಿ ಮಾಡ್ತಾಳೆ ಎಂದಳು. ಕುಡಿದಿದ್ದ ಚಿಕ್ಕಮ್ಮಂದಿರೂ ಇದು ಆಟದ ಭಾಗವೆಂದುಕೊಂಡು ಜರುಗಿ ಜಾಗ ಬಿಟ್ಟರು. ಗಂಡು ಎದ್ದು ನಿಂತ. ತಡೆಯುತ್ತಾನೆಂದುಕೊಂಡೆ. ಅವನು ಎದ್ದದ್ದು ಚೆನ್ನಾಗಿ ಚಿತ್ರ ತೆಗೆಯಲು.

ಮೀರಿಮ್ ಹುಡುಗಿಯ ಕೈ ಹಿಡಿದಳು. ನಾನು ಮುಂದೆ ನಡೆದು ದಾರಿ ಬಿಡಿಸಿದೆ. ಬಿಳಿ ಟೊಪ್ಪಿಗೆಯ ಮುದುಕನೊಬ್ಬ ನನ್ನ ತೋಳು ಹಿಡಿದು, “ಈ ಸಲವಾದ್ರೂ ಬಿಟ್ಬಿಡೇ ತಾಯಿ ಆ ಸೊಸೇನ” ಎಂದು ಬೇಡಿಕೊಂಡ. ಬಿಡ್ತಾ ಇದೀನಿ ಎಂದೆ. ಬಂಕಿನ ಒಡೆಯನಿಗೆ ವಿಷಯ ತಲೆಗೆ ಹೋಗುವ ಹೊತ್ತಿಗೆ ನನ್ನ ಹಳೆಯ ಕಾರು ಹೆದ್ದಾರಿ ಸೇರಿತ್ತು.

ಹುಡುಗಿಯ ಊರಾದ ಸೊಕುಲುಕ್‌ನಲ್ಲಿ ಅವಳ ತಾಯಿ ಗೇಟು ತೆಗೆದವಳು ಮಗಳನ್ನು ಬಾಚಿ ಒಳಗೆಳೆದುಕೊಂಡಳು, ಅಷ್ಟೆ. ನಾವು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಟಿ.ವಿ. ನೋಡದ ಹೆಂಗಸಿರಬೇಕು, ಪುಣ್ಯಾತ್ಗಿತ್ತಿ.

ವಾಪಸು ಬರುತ್ತ ಮೀರಿಮ್, ನನ್ನ ಕತೆ ಮುಗೀತು ಅಲ್ವಾ ಅಕ್ಕಾ ಎಂದು ಕೇಳಿದಳು. ಹೌದು ಎಂದೆ. ಇಲ್ಲವೆಂದು ಸಮಾಧಾನ ಹೇಳುವುದಕ್ಕೆ ನಾನೇನು ತಲಾಯ್‌ನೇ?

ಮುಗಿಯಿತು ಕೂಡ. ಧಾರಾವಾಹಿಯ ಸೊಸೆಗಾಗಿ ಚಳಿಗಾಲವಿಡೀ ಮೂಗೊರೆಸಿಕೊಂಡ ಹೆಂಗಸರೇ ಅವಳನ್ನು ಮನೆಮುರುಕಿ ಎಂದರು. ಹಿಡಿದು ತಂದವರನ್ನು ಯಾರೂ ಏನೂ ಅನ್ನಲಿಲ್ಲ. ತಲಾಯ್ ಕನ್ನಡಕ ತೆಗೆದು, ಕ್ಯಾಮೆರಾ ಮುಂದೆ ಕೈ ಮುಗಿದು ಕ್ಷಮೆ ಕೇಳಿದ. ಈಗ ಮೂರ್ಛೆ ಬೀಳುವ ಹುಡುಗಿಯೊಬ್ಬಳನ್ನು ಹುಡುಕಿಕೊಂಡಿದ್ದಾನೆ. ಉಲಾನ್ ಸೊಸೆಯನ್ನು ಹಿಮಕುಸಿತದಲ್ಲಿ ಸಾಯಿಸಿದ, ಅದನ್ನು ತೋರಿಸಲು ಖರ್ಚಾಗುತ್ತದೆಂದು ಫೋನಿನಲ್ಲಿ ಸುದ್ದಿ ಬಂದಂತೆ ಮಾಡಿದ. ಅತ್ತೆಗೆ ಆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ, ನಾನೂ ಹೊರಬಿದ್ದೆ.

ಮೀರಿಮ್ ಒಂದು ಬೇಸಿಗೆ ನರಿನ್‌ಗೆ ಹೋಗಿದ್ದು, ತಾನಾಗಿಯೇ ಮರಳಿ ಬಂದಳು. ಈಗ ಬೊಂಬೆಯಾಟದ ರಂಗಮಂದಿರದಲ್ಲಿ ನರಿಗೆ ದನಿ ಕೊಡುತ್ತಾಳೆ, ಆಟಗಳಿಗೆ ಹಾಡು ಕಟ್ಟುತ್ತಾಳೆ. ಮೊನ್ನೆ ತಾಲೀಮು ನೋಡಲು ಹೋಗಿದ್ದೆ. ನರಿಯ ಹಾಡು ಓಡಬಾರದು, ನಿಧಾನ ಹೋಗಬೇಕೆಂದು ಅಲ್ಲಿಯ ನಿರ್ದೇಶಕರ ಜೊತೆ ಜಗಳಕ್ಕೆ ನಿಂತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಸೋತರು.