ಮುಖ್ಯ ಅತಿಥಿಯ ನಿದ್ದೆ

ಆಯಾಸ ಎನ್ನುವುದು ದೇರಣ್ಣ ಶೆಟ್ಟಿಯ ಮನೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು. ಕೆನಡಾದ ವಿಟ್ಬಿ ಊರಿಗೆ ಬಂದ ಹನ್ನೆರಡು ವರ್ಷಗಳಲ್ಲಿ ಹತ್ತು ವರ್ಷ ಅವನು ಕಾರಿನ ಸೀಟು ತಯಾರಿಸುವ ಕಾರ್ಖಾನೆಯಲ್ಲಿ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗಿನ ಪಾಳಿ ಮಾಡಿದ್ದ. ಮನೆಗೆ ಬಂದು, ಗಂಜಿ ಉಂಡು, ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿದನೆಂದರೆ ಸಾಕು, ಅಕ್ಕಪಕ್ಕದವರ ಹುಲ್ಲು ಕತ್ತರಿಸುವ ಯಂತ್ರಗಳು ಶುರುವಾಗುತ್ತಿದ್ದವು. ಗಂಜಿ ಉಂಡವನಿಗೆ ಗಡದ್ದು ನಿದ್ದೆ ಎಂದು ಹೇಳಿದ ಪುಣ್ಯಾತ್ಮ ಯಾರೋ, ಕೆನಡಾದ ಬೇಸಿಗೆಯನ್ನಂತೂ ನೋಡಿದವನಲ್ಲ.

ಎರಡು ಸಾವಿರದ ಎರಡರ ಜೂನ್‌ನಲ್ಲಿ ಅವನ ಮನೆಯ ಬೇಸ್‌ಮೆಂಟಿಗೆ, ಅಂದರೆ ನೆಲದಡಿಯ ಕೋಣೆಗೆ, ಕ್ರೇಗ್ ಬಾಡಿಗೆಗೆ ಬಂದ. ಕಳಿಸಿದವಳು ದೇರಣ್ಣ ಭುಜದ ನೋವಿಗೆಂದು ಹೋಗುತ್ತಿದ್ದ ಫಿಸಿಯೋಥೆರಪಿಸ್ಟ್. ಆಸ್ಟ್ರೇಲಿಯಾದವನು, ಮೂರು ತಿಂಗಳು ಇರುತ್ತಾನೆ, ಗಲಾಟೆಯಿಲ್ಲದ ಮನೆ ಬೇಕು ಎಂದಷ್ಟೇ ಹೇಳಿದ್ದಳು. ಬಾಗಿಲು ತೆರೆದ ಲೋಲಾಕ್ಷಿ ತಲೆಯೆತ್ತಿ ನೋಡಿದಳು, ಸಾಲದೆ ಇನ್ನೂ ಸ್ವಲ್ಪ ಎತ್ತಿದಳು.

"ಇವ ನಮ್ಮ ಬೇಸ್‌ಮೆಂಟಲ್ಲಿ ಬಗ್ಗಿಕೊಂಡೇ ತಿರುಗಬೇಕಷ್ಟೆ ಮಾರಾಯ್ರೆ" ಎಂದು ಗಂಡನ ಕಿವಿಯಲ್ಲಿ ಹೇಳಿದಳು.

ಅಂದು ಸಂಜೆಯೇ ಕ್ರೇಗ್ ಅಡುಗೆಮನೆಯ ಮೇಜಿನ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ಮೆಲ್ಬರ್ನಿನ ದೊಡ್ಡ ಕ್ಲಬ್ಬೊಂದಕ್ಕೆ ಸಂಬಳಕ್ಕೆ ಆಡುವ ಫುಟ್‌ಬಾಲ್ ಆಟಗಾರ. ಆ ದೇಶದ ಫುಟ್‌ಬಾಲೇ ಬೇರೆ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು. ಎರಡು ಎತ್ತರದ ಕಂಬಗಳ ನಡುವೆ ಹೋದರೆ ಆರು ಅಂಕ, ಪಕ್ಕಕ್ಕೆ ಸರಿದರೆ ಒಂದೇ ಒಂದು. ಹಿಂದಿನ ಸೆಪ್ಟೆಂಬರ್‌ನಲ್ಲಿ, ಫೈನಲ್ಲಿಗೆ ಹೋಗುವ ಪಂದ್ಯದಲ್ಲಿ, ಅವನ ತಂಡ ನಾಲ್ಕು ಅಂಕ ಹಿಂದಿತ್ತು. ಕೊನೆಯ ಸೈರನ್ ಕೂಗುವಾಗ ಚೆಂಡು ಹಿಡಿದಿದ್ದವನು ಇವನೇ, ಹಾಗಾಗಿ ಕೊನೆಯ ಒದೆತವೂ ಇವನದೇ. ಮೂವತ್ತು ಮೀಟರ್ ದೂರ, ಕಂಬಗಳು ನೇರ ಎದುರಿಗೆ, ಗಾಳಿ ಕೂಡ ಇರಲಿಲ್ಲ. ಎಪ್ಪತ್ತು ಸಾವಿರ ಜನ ನೋಡುತ್ತಿದ್ದಂತೆ ಚೆಂಡು ಪಕ್ಕಕ್ಕೆ ಸರಿಯಿತು.

ಅಂದಿನಿಂದ ನಿದ್ದೆ ಕೈಕೊಟ್ಟಿತು. ಹಾಗೇ ಹಲ್ಲು ಕಚ್ಚಿ ಮುಂದಿನ ಋತುವನ್ನೂ ಶುರು ಮಾಡಿದ. ಮೇ ತಿಂಗಳ ಒಂದು ಪಂದ್ಯಕ್ಕೆ ಮೊದಲು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದವನಿಗೆ ಬೆರಳುಗಳು ನಡುಗಿ ಗಂಟು ಹಾಕಲಿಕ್ಕೇ ಆಗಲಿಲ್ಲ. ತಂಡದ ಮನೋವೈದ್ಯೆ ಡಾಕ್ಟರ್ ಹೆಲೆನ್ ಅವನನ್ನು ಈ ಆಟದ ಹೆಸರೇ ಗೊತ್ತಿಲ್ಲದ ಊರಿಗೆ ಅಟ್ಟಿದ್ದಳು. ಚೆಂಡು ಮುಟ್ಟಬಾರದು, ಪತ್ರಿಕೆ ಓದಬಾರದು, ದಿನಾ ಕೆರೆಯ ದಂಡೆಯಲ್ಲಿ ನಡೆಯಬೇಕು, ಮಧ್ಯಾಹ್ನ ಎರಡಕ್ಕೆ ಅವಳು ಕೊಟ್ಟ ಕ್ಯಾಸೆಟ್ ಹಾಕಿಕೊಂಡು ಮಲಗಬೇಕು. ಪ್ರತಿ ಭಾನುವಾರ ಸಂಜೆ ಆರಕ್ಕೆ ಅವಳ ಫೋನು. ಆಗಸ್ಟ್ ಕೊನೆಯ ಭಾನುವಾರದ ಮಾತಿನ ಮೇಲೆ ಅವಳು ಕ್ಲಬ್ಬಿಗೆ ವರದಿ ಕೊಡುತ್ತಾಳೆ. ಗುಣವಾದ ಎಂದರೆ ತಂಡದಲ್ಲಿ ಜಾಗ ಉಂಟು, ಇಲ್ಲವೆಂದರೆ ಇಪ್ಪತ್ನಾಲ್ಕನೇ ವಯಸ್ಸಿಗೇ ಆಟ ಮುಗಿದ ಹಾಗೆ.

"ನಿಮ್ಮಿಬ್ಬರಿಗೆ ಮಾತ್ರ ಹೇಳಿದ್ದೇನೆ. ಇಲ್ಲಿ ಇನ್ನು ಯಾರಿಗೂ ಗೊತ್ತಾಗಬಾರದು" ಎಂದು ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ದೇರಣ್ಣ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಆ ಮನೆಗಳಲ್ಲಿ ಗಾಳಿ ಹೋಗುವ ತಗಡಿನ ಕೊಳವೆಗಳಿರುತ್ತವಲ್ಲ, ಅವು ಗಾಳಿಯ ಜೊತೆ ಮನೆಯವರ ಗುಟ್ಟನ್ನೂ ಹೊರುತ್ತವೆ. ಬೇಸ್‌ಮೆಂಟಿನ ಕ್ಯಾಸೆಟ್ ದೇರಣ್ಣನ ಮಂಚದ ಪಕ್ಕದ ಜಾಲರಿಯಲ್ಲಿ ಚೆನ್ನಾಗಿ ಕೇಳುತ್ತಿತ್ತು. ಒಬ್ಬಳು ಹೆಂಗಸು ಅವಸರವಿಲ್ಲದೆ ಹೇಳುತ್ತಾಳೆ: ಕಾಲ್ಬೆರಳು ಬಿಗಿ ಮಾಡಿ, ಹಿಡಿದಿಡಿ, ಈಗ ಬಿಟ್ಟುಬಿಡಿ. ಮೀನಖಂಡ ಬಿಗಿ ಮಾಡಿ, ಬಿಟ್ಟುಬಿಡಿ. ಸುಮ್ಮನೆ ಮಲಗಿದ್ದ ದೇರಣ್ಣ ತಾನೂ ಬಿಗಿ ಮಾಡಿದ, ತಾನೂ ಬಿಟ್ಟ. ಹೊಟ್ಟೆಯವರೆಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಕ್ಲಬ್ಬಿನವರು ಲಕ್ಷಗಟ್ಟಲೆ ಸುರಿದು ಆಟಗಾರನಿಗೆ ಮಾಡಿಸಿದ ಮದ್ದು ವಿಟ್ಬಿಯ ಶೆಟ್ಟಿಗೆ ಪುಕ್ಕಟೆ ನಾಟಿತು.

ಕ್ರೇಗ್‌ಗೂ ನಾಟತೊಡಗಿತು. ಜುಲೈ ಹೊತ್ತಿಗೆ ಮುಖದಲ್ಲಿ ಕಳೆ ಬಂತು. ಲೋಲಾಕ್ಷಿಯ ಬಸಳೆಬಳ್ಳಿಗೆ ಹಿತ್ತಲಲ್ಲಿ ಚಪ್ಪರ ಹಾಕಿಕೊಟ್ಟ, ಮೀನು ಸಾರು ಉಂಡು ಬೆವರಿದ, ಇನ್ನೊಂದು ಸೌಟು ಕೇಳಿದ. ನಿದ್ದೆಯ ಗಂಟೆಗಳನ್ನು ಬರೆದಿಡುವ ಪುಸ್ತಕದಲ್ಲಿ ಮೂರು ಇದ್ದದ್ದು ಐದಾಯಿತು, ಆರೂವರೆಯಾಯಿತು.

ಕೆಡಿಸಿದ್ದು ಯಾರೆಂದು ಕೇಳಿದರೆ ದೇರಣ್ಣನ ನಾಲಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವನಿಗೆ ಗೊತ್ತಿಲ್ಲದ ಗಾದೆಯೇನಲ್ಲ. ಜುಲೈನ ಒಂದು ಭಾನುವಾರ ಮಧ್ಯಾಹ್ನ ಯೂನಿಯನ್‌ವಿಲ್‌ನಲ್ಲಿ, ಕನ್ನಡ ಸಂಘದ ಕಾರ್ಯದರ್ಶಿ ಚಂದ್ರಮೋಹನನ ಮನೆಯಲ್ಲಿ ಊಟವಿತ್ತು. ಸಾಫ್ಟ್‌ವೇರ್ ಜನ ಕೂತು ಒಬ್ಬರಿಗಿಂತ ಒಬ್ಬರು ದೊಡ್ಡದಾಗಿ ಮಾತಾಡುತ್ತಿದ್ದರು. ಮಗನಿಗೆ ಸಿಕ್ಕ ಸೀಟು, ತನಗೆ ಸಿಕ್ಕ ಪ್ರಮೋಷನ್ನು. ಕೊನೆಗೆ ಚಂದ್ರಮೋಹನ ಮರ್ಯಾದೆಗೆಂದು ಇವನ ಕಡೆ ತಿರುಗಿದ.

"ಮತ್ತೆ ಶೆಟ್ರೇ, ನಿಮ್ದೇನ್ ಹೊಸಾ ನ್ಯೂಸು? ಅದೇ ನೈಟ್ ಶಿಫ್ಟಾ?"

ಹತ್ತು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ದೇರಣ್ಣನಿಗೆ ಬೇಸರ ಬಂದಿತ್ತು. ತನ್ನ ಬಗ್ಗೆ ಹೇಳಿಕೊಳ್ಳಲು ಏನೂ ಇಲ್ಲ ಎನ್ನುವ ಬೇಸರ ಬೇರೆಲ್ಲ ಸುಸ್ತಿಗಿಂತ ಭಾರ.

"ನಮ್ಮ ಮನೇಲಿ ಆಸ್ಟ್ರೇಲಿಯಾದ ದೊಡ್ಡ ಪ್ಲೇಯರ್ ಒಬ್ಬ ಇದ್ದಾನೆ. ನಮ್ಮಲ್ಲಿ ಕ್ರಿಕೆಟಿನವರು ಹೇಗೋ, ಅಲ್ಲಿ ಇವ ಹಾಗೆ" ಎಂದುಬಿಟ್ಟ.

ಜನ ತಟ್ಟೆ ಕೆಳಗಿಟ್ಟು ಅವನ ಕಡೆ ನೋಡಿದರು. ಆ ಒಂದು ನಿಮಿಷ ಎಷ್ಟು ಸಿಹಿಯಾಗಿತ್ತೆಂದರೆ, ಕೊಟ್ಟ ಮಾತು ಅವನಿಗೆ ನೆನಪಾದದ್ದು ಕಾರಿನಲ್ಲಿ ಕೂತ ಮೇಲೆ.

ನಮ್ಮವರ ಕೈಗೆ ದೊಡ್ಡ ಮನುಷ್ಯನೊಬ್ಬ ಸಿಕ್ಕಿದನೆಂದರೆ ಶಾಲು ಹೊದಿಸದೆ ಬಿಡುವುದುಂಟೇ? ಮೂರನೇ ದಿನ ಚಂದ್ರಮೋಹನನ ಫೋನು ಬಂತು. ಆಗಸ್ಟ್ ಮೂರನೇ ಶನಿವಾರ ಮಾರ್ಕಮ್‌ನ ಪಾರ್ಕಿನಲ್ಲಿ ಸಂಘದ ಕ್ರೀಡಾಕೂಟ, ಮುಖ್ಯ ಅತಿಥಿ ಇನ್ನೂ ಸಿಕ್ಕಿಲ್ಲ.

"ಅವನಿಗೆ ಜನ ಅಂದ್ರೆ ಆಗುದಿಲ್ಲ" ಎಂದು ದೇರಣ್ಣ ತಪ್ಪಿಸಿಕೊಳ್ಳಲು ನೋಡಿದ.

"ಏನಿಲ್ಲಾ ಶೆಟ್ರೇ, ಒಂದು ಶಾಲು, ಒಂದು ಹಾರ, ಎರಡು ಮಾತು. ಫೈವ್ ಮಿನಿಟ್ಸ್ ಅಷ್ಟೇ. ನಿಮ್ಮಿಂದ ಸಂಘಕ್ಕೆ ಇಷ್ಟೂ ಆಗಲ್ವಾ?"

ಆ ಕೊನೆಯ ಮಾತಿಗೆ ದೇರಣ್ಣ ಸೋತ. ಕ್ರೇಗ್‌ಗೆ ಪಿಕ್ನಿಕ್ ಎಂದು ಹೇಳಿದ. ಮಕ್ಕಳು ಓಡುತ್ತಾರೆ, ಊಟ ಚೆನ್ನಾಗಿರುತ್ತದೆ ಎಂದ. ಅದು ಸುಳ್ಳೇನೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ಶನಿವಾರ ಪಾಳಿ ಮುಗಿಸಿ, ಒಂದು ಕಣ್ಣೂ ಮುಚ್ಚದೆ, ದೇರಣ್ಣ ಕಾರು ಓಡಿಸಿದ. ಮಟಮಟ ಮಧ್ಯಾಹ್ನದ ಬಿಸಿಲು. ನಿಂಬೆಹಣ್ಣು ಚಮಚದ ಓಟ ಮುಗಿದಿತ್ತು, ಹಗ್ಗಜಗ್ಗಾಟಕ್ಕೆ ಸೊಸೆಯರ ತಂಡ ಒಂದು ಕಡೆ, ಅತ್ತೆಯರ ತಂಡ ಒಂದು ಕಡೆ ನಿಂತಿತ್ತು. ಕ್ರೇಗ್ ನೋಡಿ ನಗುತ್ತಿದ್ದ. ಅಷ್ಟರಲ್ಲಿ ಮೈಕಿನಲ್ಲಿ ಅವನ ಪೂರ್ತಿ ಹೆಸರು ಕೇಳಿಸಿತು. ಅವನು ದೇರಣ್ಣನ ಕಡೆ ತಿರುಗಿದ. ದೇರಣ್ಣ ನೆಲ ನೋಡಿದ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೈಸೂರು ಪೇಟ ತೊಡಿಸಿದರು. ಅದು ಅವನ ತಲೆಗೆ ಸಾಲದೆ ಮೇಲೆಯೇ ನಿಂತಿತು. ರೇಷ್ಮೆ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಆಮೇಲೆ ಪರಿಚಯ ಭಾಷಣ. ಚಂದ್ರಮೋಹನ ಅಚ್ಚುಕಟ್ಟಿನ ಮನುಷ್ಯ, ಇಂಟರ್ನೆಟ್ಟಿನಿಂದ ನಾಲ್ಕು ಹಾಳೆ ಇಳಿಸಿಕೊಂಡು ಬಂದಿದ್ದ. ಅತಿಥಿಯ ಜೀವನದಲ್ಲಿ ಒಂದು ಅಕ್ಷರ ಬಿಟ್ಟರೂ ಅವಮಾನವೆಂದು ತಿಳಿದವನು. ಹುಟ್ಟಿದ ಊರು, ಓದಿದ ಶಾಲೆ, ಆಡಿದ ಪಂದ್ಯಗಳ ಲೆಕ್ಕ, ಎಲ್ಲವನ್ನೂ ಅತಿಥಿಗೆ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಓದಿದ. ಮೂರನೇ ಹಾಳೆಯಲ್ಲಿ ಅದೂ ಬಂತು. ಕಳೆದ ವರ್ಷದ ಪಂದ್ಯ, ನಾಲ್ಕು ಅಂಕ, ಮೂವತ್ತು ಮೀಟರ್, ಎಪ್ಪತ್ತು ಸಾವಿರ ಜನರ ಎದುರು ತಪ್ಪಿದ ಒದೆತ, ಮರುದಿನದ ಪತ್ರಿಕೆಗಳ ದಪ್ಪಕ್ಷರದ ಬೈಗುಳ. ಅಲ್ಲಿ ಹಾಳೆ ತಿರುಗಿಸಲು ಅವನು ಒಂದು ಕ್ಷಣ ನಿಂತ. ಭಾಷಣ ನಿಂತರೆ ಚಪ್ಪಾಳೆ ತಟ್ಟುವುದು ನಮ್ಮವರ ರೂಢಿ. ಇನ್ನೂರು ಜನ ಪ್ರೀತಿಯಿಂದಲೇ ತಟ್ಟಿದರು.

ಕ್ರೇಗ್ ಕಾಲ್ಬೆರಳು ಬಿಗಿ ಮಾಡುವುದು ದೇರಣ್ಣನಿಗೆ ಚಪ್ಪಲಿಯೊಳಗೆ ಕಂಡಿತು. ಬಿಡುವುದು ಕಾಣಲಿಲ್ಲ. ಎರಡು ಮಾತು ಆಡಿ ಎಂದು ಮೈಕು ಕೊಟ್ಟಾಗ "ಥ್ಯಾಂಕ್ಯೂ" ಎಂದ, ಮೈಕನ್ನು ವಾಪಸ್ ಕೊಟ್ಟ. ದೇರಣ್ಣನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬರುವ ದಾರಿಯಲ್ಲಿ ದೇರಣ್ಣ ಎಲ್ಲ ಒಪ್ಪಿಕೊಂಡ. ಹೇಳಿದ್ದು ನಾನೇ, ದೊಡ್ಡಸ್ತಿಕೆಗೆ ಹೇಳಿದೆ, ಪಿಕ್ನಿಕ್ ಅಂದದ್ದೂ ಮೋಸ ಎಂದ. ಕ್ರೇಗ್ ರೇಷ್ಮೆ ಶಾಲನ್ನು ಮಡಚಿ ಹಿಂದಿನ ಸೀಟಿನ ಮೇಲಿಟ್ಟ.

"ನಾನು ಯಾರೂ ಅಲ್ಲದೆ ಇದ್ದ ಜಾಗ ಇದೊಂದೇ ಆಗಿತ್ತು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಆ ವಾರ ಜಾಲರಿಯಲ್ಲಿ ಕ್ಯಾಸೆಟ್ ಶುರುವಾಗುತ್ತಿತ್ತು, ಕಾಲ್ಬೆರಳಿಗೇ ನಿಲ್ಲುತ್ತಿತ್ತು, ಹಿಂದಕ್ಕೆ ತಿರುಗಿ ಮತ್ತೆ ಶುರುವಾಗುತ್ತಿತ್ತು. ಆಮೇಲೆ ಹೆಜ್ಜೆ ಸದ್ದು, ಗೋಡೆಯಿಂದ ಗೋಡೆಗೆ. ದೇರಣ್ಣನೂ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ. ರಾತ್ರಿಯೂ ಹೀಗೇ ತಿರುಗುತ್ತಾನೆ ಎಂದು ಲೋಲಾಕ್ಷಿ ಹೇಳಿದಳು. ಕಳೆ ಬಂದಿದ್ದ ಮುಖ ಮತ್ತೆ ಬಾಡಿತು. ಪುಸ್ತಕದಲ್ಲಿ ಮಾತ್ರ ದಿನಾ ಎಂಟು ಗಂಟೆ ಎಂದು ಬರೆಯುತ್ತಿದ್ದ.

ಆಗಸ್ಟ್ ಕೊನೆಯ ಭಾನುವಾರ ಬೆಳಿಗ್ಗೆ ಕ್ರೇಗ್ ಮೇಲೆ ಬಂದ. "ಡಾಕ್ಟರ್ ಇವತ್ತು ನಿಮ್ಮ ಹತ್ತಿರವೂ ಮಾತಾಡುತ್ತಾಳೆ. ನಿದ್ದೆ ಹೇಗಿದೆ ಅಂತ ಕೇಳುತ್ತಾಳೆ. ಎಂಟು ಗಂಟೆ ಮಲಗುತ್ತಾನೆ ಅನ್ನಿ. ಹೇಳಬಾರದ್ದನ್ನು ಹೇಳಿದಿರಿ, ಇದೊಂದನ್ನು ನನಗೋಸ್ಕರ ಹೇಳಿ."

ಅವನು ಹೋದ ಮೇಲೆ ದೇರಣ್ಣ ಹೆಂಡತಿಯ ಮುಖ ನೋಡಿದ.

"ಅವ ಹೇಳಿದ ಹಾಗೆ ಹೇಳಿಬಿಡಿ. ಅವನ ಅನ್ನ ಅದು. ಒಮ್ಮೆ ಕಲ್ಲು ಹಾಕಿದ್ದು ಸಾಲದಾ ನಿಮಗೆ?"

"ಮಲಗುದೇ ಇಲ್ಲ ಅಲ್ಲ ಅವ."

"ನಮಗೆಂತಕ್ಕೆ ಮಾರಾಯ್ರೆ. ಅವನ ಜೀವ, ಅವನಿಗೆ ಗೊತ್ತುಂಟು."

ದೇರಣ್ಣ ಬಲಗೈಯನ್ನು ಹೆಗಲಿನವರೆಗೆ ಎತ್ತಿ, ಅದಕ್ಕಿಂತ ಮೇಲೆ ಹೋಗದೆ, ಇಳಿಸಿದ. ಆರು ವರ್ಷದ ಹಿಂದೆ ಭುಜ ಮೊದಲು ನೋಯತೊಡಗಿದಾಗ ಕಾರ್ಖಾನೆಯ ಡಾಕ್ಟರು ಕೇಳಿದ್ದರು. ಕೆಲಸ ಹೋದೀತೆಂದು ಇವನು ಏನಿಲ್ಲ, ಆರಾಮ ಎಂದಿದ್ದ. ಪಕ್ಕದಲ್ಲಿ ನಿಂತ ಇಬ್ಬರು ಗೆಳೆಯರೂ ಹೌದು ಆರಾಮ ಎಂದು ತಲೆಯಾಡಿಸಿದ್ದರು. ಅವರದು ಉಪಕಾರವೆಂದೇ ಅವನು ಬಹಳ ಕಾಲ ನಂಬಿದ್ದ.

ಸಂಜೆ ಆರಕ್ಕೆ ಸರಿಯಾಗಿ ಅಡುಗೆಮನೆಯ ಫೋನು ಬಡಿದುಕೊಂಡಿತು. ಪಾಳಿಗೆ ಹೊರಡಲು ದೇರಣ್ಣ ಬೂಟು ಹಾಕಿಕೊಂಡು ತಯಾರಾಗಿದ್ದ. ಕ್ರೇಗ್ ಮೊದಲು ಮಾತಾಡಿದ. ಚೆನ್ನಾಗಿದ್ದೇನೆ, ಎಂಟು ಗಂಟೆ, ಹೌದು, ಆಡಲಿಕ್ಕೆ ತಯಾರು ಎಂದ. ನಗುನಗುತ್ತಲೇ ಹೇಳಿದ. ಆಮೇಲೆ ರಿಸೀವರನ್ನು ದೇರಣ್ಣನ ಕೈಗೆ ಕೊಟ್ಟು ಎದುರಿನ ಕುರ್ಚಿಯಲ್ಲಿ ಕೂತ.

"ನಮಸ್ಕಾರ ಮಿಸ್ಟರ್ ಶೆಟ್ಟಿ. ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತಾನೆ? ನಿದ್ದೆ ಮಾಡುತ್ತಾನಾ?" ಎಂದು ಕೇಳಿದಳು ಡಾಕ್ಟರ್ ಹೆಲೆನ್.

ಕ್ರೇಗ್ ದೇರಣ್ಣನನ್ನೇ ನೋಡುತ್ತಿದ್ದ. ಮೇಜಿನ ಮೇಲಿದ್ದ ಆ ದೊಡ್ಡ ಕೈಗಳು ಸಣ್ಣಗೆ ನಡುಗುತ್ತಿದ್ದವು.

"ಇಲ್ಲ ಡಾಕ್ಟರ್" ಎಂದ ದೇರಣ್ಣ. "ಅವ ಮಲಗುದಿಲ್ಲ. ಒಂದು ವಾರದಿಂದ ಹಗಲು ರಾತ್ರಿ ನಡೀತಾ ಇದ್ದಾನೆ. ಮೊದಲು ಸರಿಯಾಗ್ತಿದ್ದ. ಹಾಳು ಮಾಡಿದ್ದು ನಾನು. ಯಾರಿಗೂ ಹೇಳುದಿಲ್ಲ ಅಂತ ಹೇಳಿ ನಾಲ್ಕು ಜನರಿಗೆ ಹೇಳಿದೆ, ಕರ್ಕೊಂಡು ಹೋಗಿ ಸ್ಟೇಜಲ್ಲಿ ಕೂರಿಸಿದೆ. ಈಗ ಇವನನ್ನು ಆಡಲಿಕ್ಕೆ ಕರೀಬೇಡಿ. ಇವನಿಂದ ಆಗುದಿಲ್ಲ."

ಲೋಲಾಕ್ಷಿ ಒಲೆ ಆರಿಸಿ ನಿಂತಳು. ಕ್ರೇಗ್ ಎದ್ದು ಕೈ ಚಾಚಿದ. ಹೊಡೆದರೆ ಹೊಡೆಯಲಿ ಎಂದು ದೇರಣ್ಣ ರಿಸೀವರ್ ಕೊಟ್ಟು ಅಲ್ಲೇ ನಿಂತ.

ಕ್ರೇಗ್ ಅದನ್ನು ಕಿವಿಗಿಟ್ಟುಕೊಂಡ.

"ಅವರು ಹೇಳಿದ್ದು ನಿಜ, ಹೆಲೆನ್" ಎಂದ. "ನನಗೆ ಆಗುತ್ತಿಲ್ಲ."

ಅಷ್ಟು ಹೇಳಿ ಅವನು ಅತ್ತ. ಆರಡಿ ನಾಲ್ಕಂಗುಲದ ಆಳು ಗೋಡೆಗೆ ಹಣೆಯಿಟ್ಟು, ಸದ್ದು ಮಾಡಿಯೇ ಅತ್ತ. ಇನ್ನು ತಾನಿಲ್ಲಿ ಇರಬಾರದೆಂದು ದೇರಣ್ಣ ಊಟದ ಚೀಲ ತೆಗೆದುಕೊಂಡು ಬಾಗಿಲ ಕಡೆ ಹೊರಟ.

ಕ್ರೇಗ್ ರಿಸೀವರಿಗೆ ಅಂಗೈ ಮುಚ್ಚಿದ. "ಹೋಗಬೇಡಿ" ಎಂದ. "ಮಾತು ಮುಗಿಯುವವರೆಗೆ ಇಲ್ಲೇ ಕೂತಿರಿ."

ದೇರಣ್ಣ ಕೂತ. ಆರೂಕಾಲಾಯಿತು, ಆರೂವರೆಯಾಯಿತು, ಕಾರ್ಖಾನೆಗೆ ಹೊರಡುವ ಹೊತ್ತು ದಾಟಿತು. ಅವನು ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಕೂತೇ ಇದ್ದ.