ಕನ್ನಡಿಗೆ ಗಾಳಿ

"ಹಿಡೀರ್ಲಾ ಆ ಕಡೆ, ಜೋಪಾನ!" ಎನ್ನುತ್ತ ಪಿಳ್ಳಣ್ಣ ಟೆಲಿಸ್ಕೋಪಿನ ಕೊಳವೆಯನ್ನು ಅರ್ಧ ಎತ್ತಿಯೇಬಿಟ್ಟಿದ್ದ. ಅವನ ತಮ್ಮ ಭೀಮರಾಜ ಅಂಗಳದಲ್ಲಿ ಚಟ್ಟದ ಮೇಲೆ ಮಲಗಿದ್ದ. ಹೊಲದಲ್ಲಿ ಗುಂಡಿ ತೋಡಿಯಾಗಿತ್ತು. ಸತ್ತವರು ಆಸೆಪಟ್ಟ ವಸ್ತುವನ್ನು ಜೊತೆಗೇ ಮಣ್ಣಿಗೆ ಹಾಕುವುದು ಆ ಮನೆತನದ ಪದ್ಧತಿ. ಅಪ್ಪನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು. ಭೀಮರಾಜನ ಜೊತೆ ಅವನೇ ಗಾಜು ಉಜ್ಜಿ ಉಜ್ಜಿ ಮಾಡಿದ ಈ ಕನ್ನಡಿ, ಅದು ಕೂತ ಕೊಳವೆ ಸಮೇತ, ಹೋಗಬೇಕಂತೆ.

"ಕೆಳಗಿಡಿ ಭಾವಾ," ಎಂದಳು ಭೀಮರಾಜನ ಹೆಂಡತಿ ಮುನಿಗಂಗಮ್ಮ.

"ಮನೇಲಿಟ್ಕೊಂಡ್ರೆ ಅವನ ಜೀವ ಇದರ ಸುತ್ತಾನೇ ಸುತ್ತುತ್ತೆ ಕಣಮ್ಮ. ನೀನೇ ಇದನ್ನ ಸವತಿ ಅಂತಿದ್ಯಲ್ಲ!"

ಅಂದಿದ್ದಳು, ಮಧುರೆ ಊರಿಗೆಲ್ಲ ಕೇಳುವ ಹಾಗೆ ಅಂದಿದ್ದಳು.

*

ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮುಗಿಸಿ ಬಂದವನೇ ಭೀಮರಾಜ ಕಾಲು ಕೂಡ ತೊಳೆಯದೆ ಕೊಳವೆಯ ಬುಡಕ್ಕೆ ಹೋಗುತ್ತಿದ್ದ. ಕನ್ನಡಿಯ ಬೆನ್ನಿಗೆ ಹಳೇ ಕಂಪ್ಯೂಟರಿನ ಎರಡು ಪುಟ್ಟ ಫ್ಯಾನು, ಪಕ್ಕದಲ್ಲಿ ಸ್ಕೂಟರಿನ ಬ್ಯಾಟರಿ.

"ನಾನಿಲ್ಲಿ ಒಲೆ ಮುಂದೆ ಬೇಯ್ತಿದ್ರೆ ಕನ್ನಡಿಗೆ ಫ್ಯಾನಾ?"

"ಹಗಲೆಲ್ಲ ಶೀಟಿನ ಕೆಳಗೆ ಕಾದಿರುತ್ತೆ ಕಣೇ. ಆ ಬಿಸಿ ಆರೋವರ್ಗೂ ನಕ್ಷತ್ರ ನೀರೊಳಗಿನ ದೀಪದ ಥರ ಕುಣಿಯುತ್ತೆ. ಆರ್ಲಿ, ಕರೀತೀನಿ."

ಕರೆಯುತ್ತಿದ್ದ. ಅಷ್ಟರಲ್ಲಿ ಅವಳಿಗೆ ಮುದ್ದೆ ತಿರುವುವ ಹೊತ್ತು. "ನಾಳೆ ನೋಡ್ತೀನಿ, ಹೋಗಿ." ಒಂದು ಸಲವೂ ನೋಡಿರಲಿಲ್ಲ.

*

"ಅದು ಅವರದಲ್ಲ," ಎಂದುಬಿಟ್ಟಳು. "ನಂದು. ನಂಗೇ ಅಂತ ಮಾಡ್ಕೊಟ್ಟಿದ್ದು."

ಕೊಳವೆ ಹಿಡಿದಿದ್ದವರು ಥಟ್ಟನೆ ಅದನ್ನು ಕೆಳಗಿಟ್ಟು ಸರಿದರು. ಬದುಕಿರುವವರ ವಸ್ತು ಗುಂಡಿಗೆ ಬಿದ್ದರೆ ಅವರನ್ನೂ ಸಾವಿಗೆ ಕರೆದ ಹಾಗೆ.

ಪಿಳ್ಳಣ್ಣ ಮುಖ ಗಂಟಿಕ್ಕಿದ. "ಹೆಣದ ಮುಂದೆ ಸುಳ್ಳಾಡ್ಬೇಡ. ನಿಂದಾದ್ರೆ ನಡೆಸಿ ತೋರ್ಸು."

ಅವಳು ಬ್ಯಾಟರಿಗೆ ವೈರು ಸಿಕ್ಕಿಸಿದಳು. ಬಲಗಡೆಯ ಫ್ಯಾನು ತಿರುಗಿತು. ಎಡಗಡೆಯದು ಅಲುಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಪಿಳ್ಳಣ್ಣ ಮತ್ತೆ ಕೊಳವೆಗೆ ಕೈ ಹಾಕಿದ.

ಮುನಿಗಂಗಮ್ಮ ಪೊರಕೆಯಿಂದ ಒಂದು ಕಡ್ಡಿ ಮುರಿದು, ಆ ಫ್ಯಾನಿನ ರೆಕ್ಕೆಯನ್ನು ಮೆಲ್ಲಗೆ ತಳ್ಳಿದಳು. ಗಂಡ ದಿನಾ ಹೀಗೆ ತಳ್ಳುವುದನ್ನು ಅಡುಗೆಮನೆ ಕಿಟಕಿಯಿಂದ ಬೈಯುತ್ತಲೇ ನೋಡಿದ್ದಳು. ಅದೂ ಗಿರ್ರೆಂದು ಸುತ್ತತೊಡಗಿತು.

ಪಿಳ್ಳಣ್ಣ ನಂಬಿದನೋ ಬಿಟ್ಟನೋ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಚಟ್ಟದ ಕಡೆ ತಿರುಗಿದ. "ಎತ್ರಪ್ಪಾ."

ತಮಟೆಯ ಸದ್ದು ತಿರುವು ದಾಟಿತು. ಹೆಂಗಸರು ಅಂಗಳ ತೊಳೆಯಲು ನೀರು ತಂದರು. ಮುನಿಗಂಗಮ್ಮ ಕೊಳವೆಯ ಬುಡದಲ್ಲಿ ಕೂತು, ಫ್ಯಾನುಗಳ ಪಕ್ಕದಿಂದ ಕೈ ತೂರಿಸಿ ಕನ್ನಡಿಯ ಬೆನ್ನಿಗೆ ಅಂಗೈ ಒತ್ತಿದಳು. ಇನ್ನೂ ಬೆಚ್ಚಗಿತ್ತು.