ಫಾಸ್ಫೇಟಿನ ಹೊಳಪಿಗೆ ಕಾದವರು

ಕೋಣೆಗೆ ಕಾಲಿಟ್ಟವರೆಲ್ಲ ದೀಪ ಹಾಕುತ್ತಾರೆ. ಅವರು ಮಾತ್ರ ಮೊದಲು ದೀಪ ಆರಿಸುತ್ತಿದ್ದರು. ನಮ್ಮ ಸಂಶೋಧನಾಲಯದ ಕಟ್ಟಕಡೆಯ ಕೋಣೆಯಲ್ಲಿ, ಹಾಡಹಗಲಿನಲ್ಲೂ ಕಪ್ಪು ಪರದೆ ಎಳೆದುಕೊಂಡು, ಗಾಜಿನ ಸಣ್ಣ ನಳಿಕೆಗಳ ಮೇಲೆ ನೇರಳಾತೀತ ದೀಪ ಹಿಡಿದು ನಿಲ್ಲುತ್ತಿದ್ದ ಆ ರಸಾಯನಶಾಸ್ತ್ರಜ್ಞೆಗೆ ಯಾರೋ 'ಕತ್ತಲೆ ಮೇಡಂ' ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಇರ್ಲಿ ಬಿಡಿ, ಕರೆಂಟಾದ್ರೂ ಉಳಿಯುತ್ತೆ" ಎಂದಿದ್ದರಷ್ಟೆ.

ಮೊಣಕೈ ಸವೆದ, ಒಂದೊಂದು ಗುಂಡಿಯೂ ಒಂದೊಂದು ಬಣ್ಣದ ಬಿಳಿ ಕೋಟು. ಗೋಡೆಗೆ ಒತ್ತಿಕೊಂಡು, ಎದುರು ಬಂದವರಿಗೆಲ್ಲ ದಾರಿ ಬಿಟ್ಟುಕೊಡುವ ನಡಿಗೆ. ಮಾತಿನ ತುದಿಯಲ್ಲಿ ಸದಾ ಒಂದು ಪುಟ್ಟ ಅನುಮಾನ. ಊಟ ಆಯಿತೇ ಎಂದು ಕೇಳಿದರೂ "ಆಯ್ತು ಅನ್ಸುತ್ತೆ, ನೋಡ್ಬೇಕು" ಎನ್ನುತ್ತಿದ್ದರು. ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದ ನನಗೆ ಅವರ ಸಂಸಾರದ ವಿಷಯ ತಿಳಿದಿದ್ದು ಇಷ್ಟೇ: ಮದುವೆಯಾಗಿರಲಿಲ್ಲ, ದೂರದ ಪಟ್ಟಣದಲ್ಲಿ ಗಂಡನೊಡನೆ ಒಬ್ಬಳು ತಂಗಿಯಿದ್ದಳು.

ಆ ತಂಗಿಯ ಮೂತ್ರಪಿಂಡಗಳು ಸೋತಿದ್ದವು. ಮೂತ್ರದಲ್ಲಿ ಹೊರಹೋಗಬೇಕಾದ ಫಾಸ್ಫೇಟ್ ಎಂಬ ಲವಣ ರಕ್ತದಲ್ಲಿ ತುಂಬಿಕೊಂಡು, ಮೈಯೆಲ್ಲ ತುರಿಕೆಯೆದ್ದು, ಅವಳಿಗೆ ನೆಮ್ಮದಿಯೆಂಬುದೇ ಇರಲಿಲ್ಲ. ಫಾಸ್ಫೇಟ್ ಸೋಕಿದೊಡನೆ ಹೊಳೆಯುವ ವಸ್ತುವೊಂದನ್ನು ಕಟ್ಟಿದರೆ ಮನೆಯಲ್ಲೇ ಒಂದು ಹನಿ ರಕ್ತದಿಂದ ಅದರ ಮಟ್ಟವನ್ನು ತಿಳಿಯಬಹುದೆಂಬುದು ಅಕ್ಕನ ಹಂಬಲ. ಆದರೆ ಫಾಸ್ಫೇಟ್ ನೀರನ್ನು ಬಿಗಿಯಾಗಿ ಹೊದ್ದುಕೊಂಡಿರುವ ಅಯಾನು, ಅಂದರೆ ವಿದ್ಯುದಂಶದ ಕಣ. ಅದರ ಮೈ ಮುಟ್ಟುವುದು ಸುಲಭವಲ್ಲ. ಬೇರೆ ದ್ರವಗಳಲ್ಲಿ ಸೊಗಸಾಗಿ ಹೊಳೆದ ಅವರ ವಸ್ತುಗಳೆಲ್ಲ ನೀರಿಗಿಳಿದೊಡನೆ ಮಂಕಾಗುತ್ತಿದ್ದವು.

ಕೊನೆಗೊಮ್ಮೆ ನೀರಿನಲ್ಲೂ ನೀಲಿ ಹೊಳಪು ಮೂಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ತಂಗಿಗೆ ಫೋನ್ ಮಾಡಿ ಅತ್ತೇಬಿಟ್ಟರು. ಮರುದಿನ, ಫಾಸ್ಫೇಟೇ ಇಲ್ಲದ ಬರಿ ನೀರನ್ನು ಅದೇ ನಳಿಕೆಗೆ ಹಾಕಿ ನೋಡಿದರೆ ಅದೂ ಹೊಳೆಯಿತು. ನೇರಳಾತೀತ ಬೆಳಕಿಗೆ ತಾನೇ ಹೊಳೆಯುವ, ನಳಿಕೆ ತೊಳೆಯಲು ಬಳಸಿದ ಸೋಪು ಗಾಜಿಗೆ ಅಂಟಿಕೊಂಡು ಅವರನ್ನು ಮೋಸಗೊಳಿಸಿತ್ತು. ಯಾರೂ ಕೇಳುವ ಮೊದಲೇ ಸಭೆಯಲ್ಲಿ ಎದ್ದು ನಿಂತು, "ನಿನ್ನೆ ಹೊಳೆದದ್ದು ಸೋಪು" ಎಂದರು. ಯಾರೋ ಕಿಸಕ್ಕನೆ ನಕ್ಕರು. ಅದನ್ನೇನೋ ನುಂಗಿಕೊಂಡರು, ಫೋನಿನಲ್ಲಿ ವಿಷಯ ಕೇಳಿದ ತಂಗಿ "ಹೋಗ್ಲಿ ಬಿಡಕ್ಕಾ, ಸೋಪಿಗಾದ್ರೂ ಹೊಳೀತಲ್ಲ" ಎಂದು ನಗಲು ನೋಡಿದ್ದನ್ನು ಮಾತ್ರ ನುಂಗಿಕೊಳ್ಳಲಾಗಲಿಲ್ಲ.

ಮುಂದೆ ಹೊಸ ವಸ್ತು ಕಟ್ಟಿದರು, ಗಾಜನ್ನು ಆಮ್ಲದಲ್ಲಿ ತಾವೇ ತೊಳೆದರು. ಈ ಬಾರಿ ಫಾಸ್ಫೇಟಿದ್ದ ಕಡೆ ಮಾತ್ರ ಹಸಿರು ಮಿಂಚಿತು. ನಾನೇ ಕಣ್ಣಾರೆ ಕಂಡೆ.

"ತಂಗೀಗೆ ಹೇಳಿ ಮೇಡಂ," ಎಂದೆ.

"ಇನ್ನೊಂದ್ಸಲ ಮಾಡಿ ಹೇಳ್ತೀನಿ. ಅವಳಿಗೆ ಮತ್ತೆ ಆಸೆ ತೋರ್ಸಿ ಕಿತ್ಕೊಳ್ಳೋಕೆ ನನ್ನಿಂದಾಗಲ್ಲ."

ಮತ್ತೆ ಮತ್ತೆ ಮಾಡಿದರು. ಪ್ರತಿ ಸಲವೂ ಹೊಳೆಯಿತು. ಪ್ರತಿ ಸಲವೂ ಇನ್ನೊಂದು ಸಲ ಬಾಕಿ ಉಳಿಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ತಂಗಿಯ ಗಂಡನ ಫೋನು ಬಂತು.

ತಂಗಿಯನ್ನು ಮಣ್ಣು ಮಾಡಿ ಬಂದವರು ಬಾಕಿಯಿದ್ದ ಪರೀಕ್ಷೆಯನ್ನು ಮುಗಿಸಿದರು. ನನ್ನನ್ನು ಕರೆದು, ಆ ಹಸಿರನ್ನು ತೋರಿಸಿ, "ಸರಿಯಾಗಿದೆ" ಎಂದರು. 'ನೋಡ್ಬೇಕು' ಎನ್ನಲಿಲ್ಲ. ಆಮೇಲೆ ಏನು ಮಾಡಬೇಕೆಂದು ತೋಚದೆ, ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ತೊಳೆದ ಗಾಜನ್ನೇ ಮತ್ತೆ ತೊಳೆಯತೊಡಗಿದರು.

ಇಂಥ ನಿಷ್ಠುರ ಜೀವಗಳ ದೆಸೆಯಿಂದಲೇ ನಾವು ಕಣ್ಣುಮುಚ್ಚಿ ನಂಬಬಹುದಾದ ಅಷ್ಟಿಷ್ಟು ವಿದ್ಯೆ ಲೋಕದಲ್ಲಿ ಉಳಿದಿದೆ. ಆದರೆ ಸತ್ಯಕ್ಕಿರುವ ತಾಳ್ಮೆ ಆಯುಸ್ಸಿಗಿಲ್ಲ. ಪ್ರೀತಿಪಾತ್ರರಿಗೆ ಅರೆಸತ್ಯವನ್ನು ಕೊಡಲಾರದವರು, ಪೂರ್ಣಸತ್ಯ ಕೈಸೇರಿದ ದಿನ, ಅದನ್ನು ಯಾರ ಕೈಗಿಡಬೇಕೆಂದು ತಿಳಿಯದೆ ಒಬ್ಬರೇ ನಿಂತಿರುತ್ತಾರೆ.